ಕುರುಕ್ಷೇತ್ರದ ದ್ರೌಪದಿ ಸ್ಟ್ಯಾಂಡಪ್‌ಗೆ ಬಂದಿದ್ದು: ನನ್ನ ಅನುಭವ

ಸ್ಟ್ಯಾಂಡಪ್, ಅಂದ್ರೆ ಒಬ್ಬರೇ ಮೈಕ್ ಮುಂದೆ ನಿಂತು ಜನರನ್ನ ನಗಿಸೋ ಕಾಮಿಡಿ, ಅದನ್ನ ಎಲ್ಲಿ ಕಲಿತ್ರಿ ಮೇಡಂ ಅಂತ ಹೊಸ ಹುಡುಗ್ರು ಕೇಳ್ತಿರ್ತಾರೆ. ಕುರುಕ್ಷೇತ್ರ ನಾಟಕದಲ್ಲಿ ಅಂತೀನಿ, ಅದು ನಿಜಾನೂ ಹೌದು.

ಹಾಸನದ ಕಡೆಯವರಿಗೆ ಗೊತ್ತಿರುತ್ತೆ, ಸುಗ್ಗಿ ಮುಗಿದು ಜಾತ್ರೆ ಶುರುವಾದ್ರೆ ಊರೂರಲ್ಲಿ ಪೌರಾಣಿಕ ನಾಟಕ, ಗಂಡು ಪಾರ್ಟುಗಳನ್ನ ಊರೋರೇ ದುಡ್ಡು ಕೊಟ್ಟು ತಗೋತಾರೆ, ದುರ್ಯೋಧನ, ಕೃಷ್ಣನ ಪಾರ್ಟಿಗೆ ರೇಟ್ ಜಾಸ್ತಿ, ಹೆಣ್ಣು ಪಾರ್ಟಿಗೆ ಮಾತ್ರ ನಮ್ಮಂಥ ಕಲಾವಿದೆಯರನ್ನ ಹೊರಗಿಂದ ಕರೆಸ್ತಾರೆ. ದ್ರೌಪದಿ, ಕುಂತಿ, ಉತ್ತರೆ ಎಲ್ಲಾ ಮಾಡಿದೀನಿ, ಒಂದೇ ರಾತ್ರಿ ಸೀರೆ ಬದಲಾಯಿಸ್ಕೊಂಡು ಎರಡು ಪಾರ್ಟ್ ಮಾಡಿದ್ದೂ ಉಂಟು. ಊರೋರು ಡ್ರಾಮಾ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿರ್ತಾರೆ, ನಾವು ಹೋಗಿ ಇಳಿಯೋದು ನಾಟಕದ ದಿನ ಸಾಯಂಕಾಲ. ಎದುರಿಗೆ ನಿಂತಿರೋ ದುಶ್ಯಾಸನ ಯಾವ ಮಾತು ಮರೀತಾನೆ, ಯಾವ ಪದ್ಯ ಎಳೀತಾನೆ ಒಂದೂ ಗೊತ್ತಿರಲ್ಲ. ಅವನು ತಡವರಿಸಿದ್ರೆ ನಾವೇ ಮಾತು ಎತ್ಕೊಡ್ಬೇಕು, ಅದೂ ಜನಕ್ಕೆ ಗೊತ್ತಾಗದ ಹಾಗೆ. ಒನ್ಸ್ ಮೋರ್ ಅಂತ ಕೂಗು ಬಂದ್ರೆ ಹಾರ್ಮೋನಿಯಂ ಮೇಷ್ಟ್ರ ಕಡೆ ಒಂದು ಸಲ ನೋಡಿ ಮತ್ತೆ ಪದ್ಯ ಎತ್ಕೋಬೇಕು. ಈಗ ಸ್ಟ್ಯಾಂಡಪ್ಪಲ್ಲಿ ಕೂತಿರೋ ಜನರನ್ನೇ ಮಾತಾಡಿಸಿ ನಗಿಸೋದಕ್ಕೆ ಕ್ರೌಡ್ ವರ್ಕ್ ಅಂತಾರಲ್ಲ, ಅದಕ್ಕೆ ಬೇಕಾದ ಕಿವಿ ನಂಗೆ ಬಂದಿದ್ದು ಅಲ್ಲೇ.

ಸೀರಿಯಲ್ ಬೇರೆ ಥರ. ಸೀನ್ ಪೇಪರ್ ಕೈಗೆ ಬರೋದೇ ಸೆಟ್ಟಲ್ಲಿ, ಪಕ್ಕದಲ್ಲಿ ಪ್ರಾಂಪ್ಟ್ ಮಾಡ್ತಿರ್ತಾರೆ, ಕ್ಲೋಸಪ್ಪಲ್ಲಿ ಹುಬ್ಬು ಸ್ವಲ್ಪ ಅಲ್ಲಾಡಿದ್ರೂ ಜಾಸ್ತಿ ಆಯ್ತು ಅಂತಾರೆ. ದಿನದ ಲೆಕ್ಕದ ಪೇಮೆಂಟು, ಕೈ ಸೇರೋದು ತಡ. ಆದ್ರೆ ಜನ ಗುರುತು ಹಿಡಿಯೋದು ಇದ್ರಿಂದಾನೇ, ಅದನ್ನ ಕಡಿಮೆ ಅನ್ನಲ್ಲ ನಾನು.

2017ರಲ್ಲಿ ಹಾಸನದಿಂದ ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು ಆಯ್ತಲ್ಲ, ಶೂಟಿಂಗಿಗೆ ಹೋಗ್ತಾ ಬರ್ತಾ ಅದ್ರಲ್ಲೇ ಕೂತು ಬರೆಯೋಕೆ ಶುರು ಮಾಡಿದೆ. ಓಪನ್ ಮೈಕಲ್ಲಿ, ಅಂದ್ರೆ ಹೊಸಬರೂ ಸ್ಟೇಜ್ ಹತ್ತಿ ಟ್ರೈ ಮಾಡೋ ಶೋನಲ್ಲಿ, ಸಿಗೋದು ನಾಲ್ಕೈದು ನಿಮಿಷ ಅಷ್ಟೇ. ನನ್ನ ಮೊದಲ ಬಿಟ್, ಅಂದ್ರೆ ಒಂದು ವಿಷಯದ ಮೇಲಿನ ಜೋಕಿನ ತುಣುಕು, ಗದಾಯುದ್ಧದ್ದು. ಭೀಮ ದುರ್ಯೋಧನ ಗದೆ ಎತ್ತಿರ್ತಾರೆ, ಅಷ್ಟರಲ್ಲಿ ದುರ್ಯೋಧನನ ಪಾರ್ಟ್ ಮಾಡಿರೋನ ಭಾವಮೈದ ಹಾರ ಹಿಡ್ಕೊಂಡು ಸ್ಟೇಜ್ ಹತ್ತುತಾನೆ, ಹಿಂದೆನೇ ಮಾವ, ಹಿಂದೆನೇ ಮೈಕಲ್ಲಿ ಅವರ ಹೆಸರು ಅನೌನ್ಸು. ಬೆಂಗಳೂರಲ್ಲಿ ಇದಕ್ಕೆ ಅಷ್ಟಾಗಿ ನಗು ಬರ್ತಿರ್ಲಿಲ್ಲ. ಫೋನಲ್ಲಿ ರೆಕಾರ್ಡ್ ಮಾಡಿದ್ದನ್ನ ಕೇಳಿ ನಗು ಬಂದ ಕಡೆ ಗೀಟು ಹಾಕ್ದೆ, ಆಗ ಗೊತ್ತಾಯ್ತು, ಪಾರ್ಟಿಗೆ ದುಡ್ಡು ಕೊಡ್ತಾರೆ ಅನ್ನೋದೇ ಅವರಿಗೆ ಹೊಸದು. ಆ ಮಾತನ್ನ ಬಿಟ್ಟಿನ ಮೊದಲಿಗೇ ತಂದು ಹಾಕ್ದೆ. ಇನ್ನೊಂದು, 'ಭಾವಮೈದ ಹಾರ ಹಾಕೋವರ್ಗೂ ಭೀಮ ಗದೆ ಎತ್ಕೊಂಡೇ ನಿಂತಿದ್ದ' ಅಂತ ಹೇಳ್ತಿದ್ದೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತಲ್ಲ, ನಗಬೇಕಾದ ವಿಷಯ ಮುಂದೇನೇ ಬಂದು ಹೋಗ್ತಿತ್ತು. 'ಭೀಮ ಗದೆ ಎತ್ಕೊಂಡು ನಿಂತೇ ಇದಾನೆ, ಯಾಕೆ, ಮುಂದೆ ಫೋಟೋ ತೆಗೆಸ್ಕೊತಾ ಇದಾನೆ ಭಾವಮೈದ!' ಅಂತ ತಿರುಗಿಸಿದ್ಮೇಲೆ ನಗು ಸರಿಯಾಗಿ ಕೂತ್ಕೊಳ್ತು. ಜನ ನಕ್ಕಾಗ ನಾನು ಬಾಯಿ ಮುಚ್ಕೊಂಡು ನಿಲ್ಲೋದು ಮಾತ್ರ ನಾಟಕದ್ದೇ ಅಭ್ಯಾಸ, ಶಿಳ್ಳೆ ನಿಲ್ಲೋಕೆ ಮುಂಚೆ ಮಾತಾಡಿದ್ರೆ ಮುಂದಿನ ಮಾತು ಯಾರಿಗೂ ಕೇಳ್ಸಲ್ಲ.

ಹಾಸನದಲ್ಲಿ ಅದೇ ಬಿಟ್ಟನ್ನ ಬೇರೆ ಥರಾನೇ ಮಾಡ್ಬೇಕು. ಇಲ್ಲಿ ಮುಂದಿನ ಸಾಲಲ್ಲಿ ಕೂತಿರೋರೇ ಒಂದು ಕಾಲದ ಶಕುನಿ, ಕರ್ಣ. ಅವರಿಗೆ ರೇಟ್ ವಿಷಯ ವಿವರಿಸೋ ಅಗತ್ಯ ಇಲ್ಲ, ನೀವೇನ್ ಪಾರ್ಟ್ ಮಾಡಿದ್ರಿ ಅಣ್ಣ ಅಂತ ಕೇಳಿದ್ರೆ ಸಾಕು, ಕೂತಲ್ಲೇ ಪದ್ಯ ಶುರು ಮಾಡ್ತಾರೆ, ನಾನೂ ದ್ರೌಪದಿಯಾಗಿ ಉತ್ತರ ಕೊಡ್ತೀನಿ. ಆ ಕಲಾವಿದರನ್ನ ಗೇಲಿ ಮಾಡೋ ಬಿಟ್ ನಾನು ಬರೆಯಲ್ಲ. ಜಮೀನಲ್ಲಿ ದುಡಿದು ಬಂದು ರಾತ್ರಿ ಕೂತು ಕಂದಪದ್ಯ ಬಾಯಿಪಾಠ ಮಾಡೋರು ಅವರು, ಆ ಶ್ರದ್ಧೆ ನೋಡಿದ್ರೆ ಮೈ ಜುಮ್ ಅನ್ನುತ್ತೆ.

ಹೊಸ ಹುಡುಗ್ರಿಗೆ ನಾನು ಹೇಳೋದು, ದುಡ್ಡಿನ ಮಾತು ಮೊದಲೇ ಆಡಿ, ಅರ್ಧ ಅಡ್ವಾನ್ಸ್ ತಗೊಳ್ಳಿ. ಸಂಘದ ಕಾರ್ಯಕ್ರಮ, ಹತ್ತು ನಿಮಿಷ ನಗಿಸಿ ಹೋಗಿ ಸಾಕು ಅಂತ ಕರೆಯೋರಿಗೆ ಮೈಕು, ಸೌಂಡು ಹೆಂಗಿದೆ ಅಂತ ನಾನು ಕೇಳೇ ಕೇಳ್ತೀನಿ. ಊಟದ ಕೌಂಟರ್ ಪಕ್ಕ ಸ್ಟೇಜ್ ಹಾಕಿದ್ರೆ ಒಪ್ಪಲ್ಲ.

ಈಗ ಒಂದು ಗಂಟೆ ಶೋ ಬರೀತಾ ಇದೀನಿ, ಪೂರ್ತಿ ನಾಟಕದ ಬಣ್ಣದ ಮನೆ, ಅಂದ್ರೆ ಮೇಕಪ್ ರೂಮ್ ಬಗ್ಗೆ. ಶಿವರಾತ್ರಿಯಿಂದ ಯುಗಾದಿ ದಾಟೋವರ್ಗೂ ಸ್ಟ್ಯಾಂಡಪ್‌ಗೆ ಡೇಟ್ ಕೊಡಲ್ಲ, ಅಷ್ಟೂ ದಿನ ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನಾಟಕ ಒಪ್ಕೊಂಡಿದೀನಿ.