ಸೀರೆ ಗಂಟುಗಳ ನಡುವೆ ಆರು ನಿಮಿಷ

ಹುಬ್ಬಳ್ಳಿಯ ಅಂಗಡಿಯವರಿಗೆ ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಕಿರಾಣಿ, ಬಟ್ಟೆ, ಹಾರ್ಡ್‌ವೇರ್‌ನವರೇ ಜಾಸ್ತಿ. "ಅಕ್ಕಾರ, ನಾ ಜಿಎಸ್‌ಟಿ ಮಾಡಸಬೇಕೇನ್ರಿ?" ಅಂತ ದಿನಾ ಫೋನ್ ಬರುತ್ತಿತ್ತು. ಅದೇ ಉತ್ತರ, ಅದೇ ಮಾತು. ಇದನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟರೆ ಹೇಗೆ ಅನ್ನಿಸಿತು. ನನ್ನ ಪಾಡ್‌ಕಾಸ್ಟ್ ಶುರುವಾಗಿದ್ದು ಹಾಗೆ.

ವಿಡಿಯೊ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ನಮ್ಮಜ್ಜ ಧಾರವಾಡ ಆಕಾಶವಾಣಿಯ ರೈತರ ಕಾರ್ಯಕ್ರಮ ಕೇಳುತ್ತಲೇ ಎತ್ತಿಗೆ ಮೇವು ಹಾಕುತ್ತಿದ್ದರು. ಕೈ ಕೆಲಸದಲ್ಲಿ, ಕಿವಿ ರೇಡಿಯೊದಲ್ಲಿ. ಅಂಗಡಿಯವರದ್ದೂ ಅದೇ ಕಥೆ ಅಲ್ವಾ? ಗಲ್ಲೆಯ ಮೇಲೆ ಕೂತವರಿಗೆ ಸ್ಕ್ರೀನ್ ನೋಡುವಷ್ಟು ಪುರುಸೊತ್ತು ಎಲ್ಲಿರುತ್ತದೆ?

ಆದರೂ ಮೊದಲ ಮೂರು ಕಂತು ಕೈಕೊಟ್ಟವು. ಒಂದೊಂದು 40 ನಿಮಿಷ. ಜಿಎಸ್‌ಟಿ 2017ರ ಜುಲೈ 1ರಂದು ಬಂದಲ್ಲಿಂದ ಹಿಡಿದು ಎಲ್ಲವನ್ನೂ ಪುಸ್ತಕದ ಕನ್ನಡದಲ್ಲಿ ಹೇಳಿದ್ದೆ. ಯಾರೂ ಕೊನೆವರೆಗೆ ಕೇಳಲಿಲ್ಲ. ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚುವಷ್ಟು ಹೊತ್ತು ಮಾತ್ರ ಅವರ ಕಿವಿ ನನಗೆ ಸಿಗುತ್ತದೆ ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಆರು ನಿಮಿಷ, ಒಂದೇ ಪ್ರಶ್ನೆ, ಮಾತಾಡುವ ಕನ್ನಡ.

ದನಿಯದ್ದೂ ತೊಂದರೆ ಇತ್ತು. ಆಫೀಸಿನ ಬರೀ ಗೋಡೆಗಳು ಗುಂಯ್ ಅನ್ನುತ್ತಿದ್ದವು. ಮೈದುನನ ಸೀರೆ ಅಂಗಡಿಯ ಗೋಡೌನು ನೆನಪಾಯಿತು. ಮೂರೂ ಕಡೆ ಸೂರಿನವರೆಗೆ ಸೀರೆ ಗಂಟು. ರಾತ್ರಿ ಒಂಬತ್ತಕ್ಕೆ ಫ್ಯಾನ್ ಆಫ್ ಮಾಡಿ, ಕಾಲರ್ ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ ಸೆರಗಿಗೆ ಸಿಕ್ಕಿಸಿಕೊಂಡು ಕೂತೆ. ಬಟ್ಟೆ ದನಿಯ ಪ್ರತಿಧ್ವನಿಯನ್ನೆಲ್ಲ ಹೀರಿಕೊಂಡಿತು. ಎದುರಿಗೆ ಕೂತು ಮಾತಾಡಿದಂತೆ ಬಂತು. ಇವತ್ತಿಗೂ ಅದೇ ನನ್ನ ಸ್ಟುಡಿಯೊ.

2025ರ ಜುಲೈ ನಾನು ಮರೆಯುವುದಿಲ್ಲ. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸತೊಡಗಿದರು. ಜನ ನಿಜಕ್ಕೂ ಹೆದರಿದ್ದರು. ಆ ರಾತ್ರಿಯೇ ಗೋಡೌನಿಗೆ ಹೋದೆ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಆದರೆ ಹಸಿ ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ಬೇಕಿಲ್ಲ. ಯುಪಿಐಗೆ ಬಂದ ದುಡ್ಡೆಲ್ಲ ವ್ಯಾಪಾರದ್ದಲ್ಲ, ಕೈಗಡ, ಮನೆಯವರು ಹಾಕಿದ್ದು ಬೇರೆ ಮಾಡಿ. ನೋಟಿಸ್ ಒಳಗಿಟ್ಟು ಸುಮ್ನೆ ಕೂರಬೇಡಿ, ಖರೀದಿ ಬಿಲ್ ಇಟ್ಟು ಉತ್ತರ ಕೊಡಿ. ಇಷ್ಟೇ ಹೇಳಿದ್ದು.

ಆ ಒಂದು ಆಡಿಯೊ ಎಷ್ಟು ಕಡೆ ಹೋಯಿತು ಅಂತೀರಿ! ಪಾಡ್‌ಕಾಸ್ಟ್ ಅಂದರೆ ಸ್ಪಾಟಿಫೈ ಒಂದೇ ಅಂದುಕೊಂಡಿದ್ದೆ. ನಮ್ಮ ಕಡೆ ಅದು ಓಡುವುದು ವಾಟ್ಸಾಪ್‌ನಲ್ಲಿ. ಆರು ನಿಮಿಷದ್ದರಿಂದ ಒಂದು ನಿಮಿಷ ಕತ್ತರಿಸಿ ವ್ಯಾಪಾರಿಗಳ ಗ್ರೂಪಿಗೆ ಹಾಕಿದೆ. ಅದನ್ನೇ ಒಂದು ಹಾಳೆಗೆ ಇಳಿಸಿ, ಕೆಳಗೆ ಕ್ಯೂಆರ್ ಹಾಕಿ, ಆಫೀಸಿನ ಟೇಬಲ್ ಮೇಲಿಟ್ಟೆ. ಫೋನಿನಲ್ಲಿ ಅದೇ ಪ್ರಶ್ನೆ ಬಂದರೆ ಲಿಂಕ್ ಕಳಿಸಿ, "ಕೇಳಿ, ಆಮೇಲೆ ಮಾತಾಡೋಣ" ಅನ್ನುತ್ತೇನೆ. ವಾರಕ್ಕೊಂದು ಕಂತು ಅನ್ನುವ ಹಟ ಬಿಟ್ಟೆ. ರಿಟರ್ನ್ ತುಂಬುವ 20ನೇ ತಾರೀಖಿನ ಆಸುಪಾಸು ಒಂದೂ ಮಾಡುವುದಿಲ್ಲ. ಪ್ರಶ್ನೆ ಎದ್ದಾಗ ಒಂದೇ ವಾರದಲ್ಲಿ ಮೂರು ಮಾಡಿದ್ದೂ ಇದೆ.

ಒಂದು ತಪ್ಪು ಮಾತ್ರ ಇನ್ನೂ ಚುಚ್ಚುತ್ತದೆ. ರೆಡಿಮೇಡ್ ಬಟ್ಟೆಗೆ 1,000 ರೂಪಾಯಿ ದಾಟಿದರೆ 12 ಪರ್ಸೆಂಟ್ ಅಂತ ಹಳೆಯ ಕಂತಿನಲ್ಲಿ ಹೇಳಿದ್ದೆ. 2025ರ ಸೆಪ್ಟೆಂಬರ್ 22ರಿಂದ ಲೆಕ್ಕ ಬದಲಾಯಿತು. 2,500 ರೂಪಾಯಿವರೆಗೆ 5, ಮೇಲಿದ್ದರೆ 18. ನಾನು ಹೊಸ ಕಂತು ಹಾಕಿದೆ, ಹಳೆಯದನ್ನು ಹಾಗೇ ಬಿಟ್ಟೆ. ಒಬ್ಬ ಅಂಗಡಿಯವರು ಹಳೆಯದನ್ನೇ ಕೇಳಿ ಎರಡು ವಾರ ಬಿಲ್ ಹಾಕಿದರು. ನನ್ನ ದನಿ ನಂಬಿದ್ದಕ್ಕೆ ಅವರಿಗೆ ತೊಂದರೆ. ಆ ಬಿಲ್‌ಗಳನ್ನೆಲ್ಲ ನಾನೇ ಕೂತು, ದುಡ್ಡು ತಗೊಳ್ಳದೆ ಸರಿಮಾಡಿಕೊಟ್ಟೆ. ಈಗ ಪ್ರತಿ ಕಂತಿನ ಮೊದಲ ಮಾತೇ ತಾರೀಖು. ದರ ಬದಲಾದರೆ ಅದೇ ಲಿಂಕಿನಲ್ಲಿ ಆಡಿಯೊ ಬದಲಿಸುತ್ತೇನೆ. ಆಗ ಹಳೆಯ ಲಿಂಕ್ ಇಟ್ಟುಕೊಂಡವರಿಗೂ ಹೊಸದೇ ಕೇಳುತ್ತದೆ.

"ಎಲ್ಲಾ ಹೇಳಿಬಿಟ್ರ ನಿನ್ನ ಹತ್ರ ಯಾರು ಬರ್ತಾರ?" ಅಂತ ಇದೇ ಕಸುಬಿನ ಗೆಳತಿ ಕೇಳಿದಳು. ಸ್ವಂತ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಕಾಂಪೊಸಿಷನ್‌ನವರು, ಅಂದರೆ ಒಟ್ಟು ಮಾರಾಟದ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು, ಮೂರು ತಿಂಗಳಿಗೊಮ್ಮೆ ತುಂಬುವ ಫಾರ್ಮನ್ನು ಹೇಗೆ ತುಂಬಬೇಕು ಅಂತ ಹೆಜ್ಜೆಹೆಜ್ಜೆಯಾಗಿ ಹೇಳಿದ್ದೇನೆ. ಅದನ್ನು ಕೇಳಿ ತಾವೇ ತುಂಬಿದವರು ಭಾವನನ್ನೋ, ಪಕ್ಕದ ಅಂಗಡಿಯವರನ್ನೋ ನನ್ನ ಹತ್ರ ಕಳಿಸಿದ್ದಾರೆ. ಈಗ ಬರುವ ಹೊಸ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹಾಗೆ ಬಂದವರು. ಅವರಿಗೆ ಫೀ ಬಗ್ಗೆ ಜಾಸ್ತಿ ಹೇಳಬೇಕಾಗುವುದಿಲ್ಲ. ಕೆಲಸ ಏನು ಅಂತ ಕೇಳಿಕೊಂಡೇ ಬಂದಿರುತ್ತಾರೆ.

ಹೋದ ತಿಂಗಳು ಅಣ್ಣಿಗೇರಿಯ ಕಿರಾಣಿ ಅಂಗಡಿಯವರು ಬಂದರು. ಕೈಚೀಲದಲ್ಲಿ ಬಿಲ್ಲುಗಳನ್ನು ತಿಂಗಳವಾರು ದಾರ ಕಟ್ಟಿ ತಂದಿದ್ದರು, ಕಂತಿನಲ್ಲಿ ನಾನು ಹೇಳಿದ ಹಾಗೇ. "ದನಿ ಗುರ್ತಿತ್ರಿ ಅಕ್ಕಾರ, ಮುಖ ಇವತ್ತ ನೋಡೇನಿ" ಅಂದರು. ಏಳುವಾಗ ಬಾಗಿಲಲ್ಲಿ ನಿಂತು, "ಅಂಗಡಿ ಮಾಲಕರದ ಜಿಎಸ್‌ಟಿ ಇಲ್ರಿ. ಬಾಡಗಿ ಮ್ಯಾಲಿನ ಟ್ಯಾಕ್ಸ್ ನಾ ಕಟ್ಟಬೇಕೇನ್ರಿ?" ಅಂತ ಕೇಳಿದರು. ರೆಗ್ಯುಲರ್ ನೋಂದಣಿ ಇದ್ದರೆ ಒಂದು ಉತ್ತರ, ಕಾಂಪೊಸಿಷನ್ ಇದ್ದರೆ ಇನ್ನೊಂದು. ಅವರಿಗೆ ಅಲ್ಲೇ ಬಿಡಿಸಿ ಹೇಳಿದೆ. ರಾತ್ರಿ ಮೈದುನನಿಂದ ಗೋಡೌನಿನ ಕೀಲಿ ಇಸಗೊಂಡೆ.