ಕೆಮಿಸ್ಟ್ರಿ ಪೇಪರ್ ಸಬ್ಮಿಟ್ ಮಾಡುವ ಮುಂಚೆ ಡೇಟಾ ತಾಳೆ ನೋಡಿ

ಎಲ್ಲರೂ ಇಂಟ್ರೊಡಕ್ಷನ್ ತಿದ್ದುತ್ತಾ ಕೂರುತ್ತಾರೆ. ದಯವಿಟ್ಟು ಸಪೋರ್ಟಿಂಗ್ ಇನ್ಫರ್ಮೇಶನ್‌ಗೂ (ಪೇಪರ್ ಜೊತೆ ಕೊಡುವ ಪೂರಕ ಡೇಟಾ) ಅಷ್ಟೇ ಸಮಯ ಕೊಡಿ. ಅಲ್ಲಿ ಲೆಕ್ಕ ತಪ್ಪಿದರೆ ರಿವ್ಯೂವರ್‌ಗೆ ಇಡೀ ಪೇಪರ್ ಮೇಲೇ ಅನುಮಾನ ಬರುತ್ತದೆ.

ಪ್ರತಿ ಸಂಯುಕ್ತದ ಪ್ರೋಟಾನ್ ಎನ್‌ಎಂಆರ್ (ಅಣುವಿನ ಹೈಡ್ರೋಜನ್‌ಗಳನ್ನು ಪೀಕ್‌ಗಳಾಗಿ ತೋರಿಸುವ ಪರೀಕ್ಷೆ) ಸಾಲಿನಲ್ಲಿ ಬರೆದಿರುವ ಹೈಡ್ರೋಜನ್‌ಗಳನ್ನು ಕೂಡಿಸಿ, ಅಣುಸೂತ್ರದ ಜೊತೆ ತಾಳೆ ನೋಡಿ. ಒಎಚ್, ಎನ್‌ಎಚ್ ಗುಂಪುಗಳ ಹೈಡ್ರೋಜನ್ ಪೀಕ್ ಕಾಣದಿದ್ದರೆ ಹಾಗೆಂದೇ ಬರೆಯಿರಿ.

ಎಚ್‌ಆರ್‌ಎಂಎಸ್‌ನಲ್ಲಿ (ಅಯಾನಿನ ಮಾಸ್ ಅನ್ನು ಬಹಳ ನಿಖರವಾಗಿ ಅಳೆಯುವ ವಿಧಾನ) ಇನ್ನೊಂದು ವಿಷಯ. ಪಾಸಿಟಿವ್ ಅಯಾನಿನ ಮಾಸ್ ಲೆಕ್ಕ ಹಾಕುವಾಗ ಎಲೆಕ್ಟ್ರಾನಿನ ಮಾಸ್ ಆದ 0.00055 ಡಾಲ್ಟನ್ ಕಳೆಯಲೇಬೇಕು. ತೀರಾ ಚಿಕ್ಕ ಅಂಕಿ ಅನ್ನಿಸುತ್ತದೆ, ಅಲ್ವಾ? ಆದರೆ ಎಂ/ಝಡ್ (ಮಾಸ್ ಮತ್ತು ಚಾರ್ಜ್‌ನ ಅನುಪಾತ) 200ರ ಹತ್ತಿರ ಅದೇ ಸುಮಾರು 2.7 ಪಿಪಿಎಂ (ಹತ್ತು ಲಕ್ಷಕ್ಕೆ 2.7 ಭಾಗ) ಆಗುತ್ತದೆ. ಲೆಕ್ಕದ ಮಾಸ್‌ಗೂ ಅಳೆದ ಮಾಸ್‌ಗೂ ನಡುವೆ ಹಲವು ಜರ್ನಲ್‌ಗಳು ಒಪ್ಪುವ ವ್ಯತ್ಯಾಸವೇ 5 ಪಿಪಿಎಂ!

ಎನ್‌ಎಂಆರ್ ಸ್ಪೆಕ್ಟ್ರಮ್‌ನಲ್ಲಿ ಈಥೈಲ್ ಅಸಿಟೇಟ್ (ಒಂದು ಸಾಲ್ವೆಂಟ್, ಅಂದರೆ ದ್ರಾವಕ) ಪೀಕ್ ಉಳಿದಿದ್ದರೆ ಅಳಿಸಲೇಬೇಡಿ. ಸಾಲ್ವೆಂಟ್ ಅಂತ ಗುರುತು ಹಾಕಿ ಬಿಡಿ.