ನಿಂತಲ್ಲೇ ಕೆಟ್ಟಿದ್ದ ಬ್ರೇಕು: ಹಳೆಯ ಕ್ಯಾರವಾನಿನೊಂದಿಗೆ ನನ್ನ ಅನುಭವ

ಮಿನಿಬಸ್ಸೊಂದರ ಸೀಟು ತೆಗೆದು ಹಾಸಿಗೆ, ಸಣ್ಣ ಅಡುಗೆಕಟ್ಟೆ, ನೀರಿನ ಟ್ಯಾಂಕು ಕೂರಿಸಿದ್ದ ಹತ್ತು ವರ್ಷ ಹಳೆಯ ಕ್ಯಾರವಾನನ್ನು ನಾನು ಎರಡು ವರ್ಷದ ಹಿಂದೆ ಕೊಂಡೆ. ಮೀಟರಿನಲ್ಲಿ 61,000 ಕಿಲೋಮೀಟರ್ ಮಾತ್ರ ಇತ್ತು. ಮಾರಿದವರು ಅದನ್ನೇ ತೋರಿಸಿ, ಬ್ರೇಕಿಗೆ ಸದ್ಯಕ್ಕೆ ಕೈ ಹಾಕುವುದೇ ಬೇಡವೆಂದರು. ಆದರೆ ಹೊಂಗೆ ಮರದ ಕೆಳಗೆ ಹನ್ನೊಂದು ತಿಂಗಳು ಹ್ಯಾಂಡ್ ಬ್ರೇಕ್ ಎಳೆದೇ ನಿಂತಿದ್ದ ಆ ಗಾಡಿಯನ್ನು ಮೊದಲ ಸಲ ಕದಲಿಸಿದಾಗ ಹಿಂದಿನ ಎಡಗಾಲಿಯಲ್ಲಿ ‘ಟಕ್’ ಎಂದು ಏನೋ ಬಿಟ್ಟುಕೊಂಡ ಸದ್ದಾಯಿತು. ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರಕ್ಕೆ ಬರುವಾಗ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ಬಲಕ್ಕೆ ಎಳೆಯುತ್ತಿತ್ತು. ನಾಲ್ಕೂ ಗಾಲಿ ಬಿಚ್ಚಿ ನೋಡುವವರೆಗೆ ಮನೆಯವರನ್ನು ಇದರಲ್ಲಿ ಕೂರಿಸುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಬಲಕ್ಕೆ ಎಳೆಯುತ್ತಿದ್ದುದರ ಕಾರಣ ಬೇಗ ಸಿಕ್ಕಿತು. ಮುಂದಿನ ಎಡ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಜಾರಬೇಕಾದ ಪಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಹಾಗಾಗಿ ಎಡಗಾಲಿ ಸರಿಯಾಗಿ ಹಿಡಿಯದೆ ಬಲಗಾಲಿಯೇ ಹೆಚ್ಚು ಹಿಡಿಯುತ್ತಿತ್ತು. ಅದನ್ನು ಬಿಡಿಸಿ, ತಿಕ್ಕಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ ಕೂರಿಸಿದೆ.

ನಿಜವಾದ ಕೆಲಸ ಇದ್ದದ್ದು ಹಿಂದೆ. ಸಮತಟ್ಟು ನೆಲದಲ್ಲಿ ಮುಂದಿನ ಗಾಲಿಗಳಿಗೆ ಮರದ ಅಡೆ ಕೊಟ್ಟು, ಜಾಕಿಯೊಂದನ್ನೇ ನಂಬದೆ ಆ್ಯಕ್ಸಲಿನ ಕೆಳಗೆ ಸ್ಟ್ಯಾಂಡ್ ಇಟ್ಟು, ಆಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು ಗಾಲಿಯೊಂದಿಗೆ ತಿರುಗುವ ಬಟ್ಟಲಿನಂಥ ಎಡ ಡ್ರಮ್ಮನ್ನು ಕಳಚಿದೆ. ಒಳಮೈಯಲ್ಲಿ, ಬ್ರೇಕ್ ಶೂಗಳ ಮೇಲಿದ್ದು ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸುವ ಲೈನರಿನ ಅಗಲಕ್ಕೆ ಸರಿಯಾಗಿ ತುಕ್ಕಿನ ಪಟ್ಟಿಯೊಂದು ಅಚ್ಚೊತ್ತಿದಂತೆ ಕೂತಿತ್ತು. ಮೊದಲ ದಿನ ಕೇಳಿದ ಸದ್ದು ಲೈನರು ಆ ತುಕ್ಕಿನಿಂದ ಕಿತ್ತುಬಂದದ್ದು. ಲೈನರಿನ ದಪ್ಪವೇನೋ ಚೆನ್ನಾಗಿಯೇ ಇತ್ತು, ಆದರೆ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಎತ್ತಿದಾಗ ಒಳಗಿನಿಂದ ಬ್ರೇಕ್ ಆಯಿಲ್ ಜಿನುಗಿ ನನ್ನ ಬೆರಳಿಗೆ ಹತ್ತಿತು. ಕೆಳಗಿನ ಶೂ ಅದಾಗಲೇ ಆಯಿಲ್ ಕುಡಿದು ಕಪ್ಪಾಗಿತ್ತು. ಹೊರಗಿನಿಂದ ನೋಡಿದರೆ ಗಾಲಿಯ ಮೇಲೆ ಒಂದು ಹನಿಯ ಗುರುತೂ ಇರಲಿಲ್ಲ.

ನೆರವಿಗೆ ಬಂದಿದ್ದ ಮೆಕ್ಯಾನಿಕ್, “ಸರ್, ಇದು ಓಡಿ ಸವೆದ ಗಾಡಿಯಲ್ಲ, ನಿಂತು ಕೆಟ್ಟಿರೋದು,” ಎಂದರು. ಆಯಿಲ್ ಕುಡಿದ ಲೈನರನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ನಾನು ಅದಕ್ಕೆ ಒಪ್ಪಲಿಲ್ಲ, ಯಾರೂ ಒಪ್ಪಬಾರದು. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಒಂದೇ ಬದಿಗೆ ಹೊಸ ಶೂ ಹಾಕಿದರೆ ಎರಡು ಗಾಲಿಗಳ ಹಿಡಿತ ಸಮವಾಗುವುದಿಲ್ಲವಾದ್ದರಿಂದ ಎರಡೂ ಬದಿಗೆ ಹೊಸ ಶೂ, ಹೊಸ ಸಿಲಿಂಡರ್ ಹಾಕಿಸಿ, ಡ್ರಮ್ಮುಗಳನ್ನು ಲೇಥಿನಲ್ಲಿ ತೀರ ತೆಳುವಾಗಿ ಹೊಡೆಸಿದೆ. ಹಳೆಯ ಲೈನರಿನ ಧೂಳಿನಲ್ಲಿ ಕಲ್ನಾರು (ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಅದನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆವು.

ಗಾಡಿಯ ಆಯಿಲ್ ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಡಿ ಓಡಲಿ, ನಿಲ್ಲಲಿ, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಬೆಟ್ಟ ಇಳಿಯುವಾಗ ಕಾದ ಆಯಿಲ್ ಕುದಿದು ಆವಿಯಾದರೆ, ಆವಿ ಅದುಮಿಕೊಳ್ಳುವುದರಿಂದ ಪೆಡಲ್ ತಳ ಮುಟ್ಟಿದರೂ ಬ್ರೇಕ್ ಹಿಡಿಯುವುದಿಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟ ಮನೆಯ ಪಕ್ಕದಲ್ಲೇ ಇರುವ ನಮಗೆ ಇದು ದೂರದ ಮಾತಲ್ಲ. ಮೇಲಾಗಿ ಈ ಗಾಡಿಯಲ್ಲಿ 120 ಲೀಟರ್ ನೀರು ತುಂಬಿದರೆ ಅಷ್ಟೇ ಕಿಲೋ ತೂಕ ಹೆಚ್ಚುತ್ತದೆ.

ಸೀಲ್ ಒಡೆಯದ ಡಬ್ಬಿ ತಂದು, ಮಗನನ್ನು ಪೆಡಲ್ ಒತ್ತಲು ಕೂರಿಸಿ, ಆಯಿಲನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಗಾಲಿಯಿಂದ ಆರಂಭಿಸಿ ಒಂದೊಂದೇ ಗಾಲಿಯ ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ (ಏರ್) ತೆಗೆದೆ. ಆಯಿಲ್ ಹೊರಬಿಡುವ ನಿಪ್ಪಲ್ ಬಿಗಿಯುವ ಮೊದಲು ಅವನು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆಂದು ಪ್ರತಿ ಸಲವೂ “ಬಿಡಬೇಡಪ್ಪ” ಎಂದು ಕೂಗಿ ಹೇಳುತ್ತಿದ್ದೆ. ಪೈಪಿನಲ್ಲಿ ಗುಳ್ಳೆ ನಿಂತು ತಿಳಿಬಣ್ಣದ ಆಯಿಲ್ ಬರುವವರೆಗೂ ಬಿಡಲಿಲ್ಲ. ಬಣ್ಣದ ಮೇಲೆ ಬಿದ್ದ ಹನಿಗಳನ್ನು, ಅವು ಪೇಂಟ್ ತಿನ್ನುವುದರಿಂದ, ಕೂಡಲೇ ನೀರಿನಲ್ಲಿ ತೊಳೆದೆ. ಕೊನೆಗೆ ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವಷ್ಟು ಸಲ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿಯಿತು. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು.

ಈಗ ಹೆಚ್ಚು ದಿನ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು, ಗಾಲಿಗಳಿಗೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಟ್ಟೇ ಇಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು, ಖಾಲಿ ರಸ್ತೆಯಲ್ಲಿ ಎಂಟು ಹತ್ತು ಸಲ ಬ್ರೇಕ್ ಒತ್ತಿ ನೋಡುತ್ತೇನೆ. ಮೊನ್ನೆ ನೀರು ತುಂಬಿಕೊಂಡೇ ನಂದಿಯಿಂದ ಎರಡನೇ ಗೇರಿನಲ್ಲಿ ಇಳಿದು, ಕೆಳಗೆ ನಿಲ್ಲಿಸಿ, ಹಿಂದಿನ ಎರಡೂ ಗಾಲಿಗಳನ್ನು ಮುಟ್ಟದೆ ಹತ್ತಿರ ಅಂಗೈ ಹಿಡಿದು ನೋಡಿದೆ. ಕಾವು ಎರಡೂ ಕಡೆ ಒಂದೇ ಸಮನಾಗಿತ್ತು. ಎರಡು ವರ್ಷ ತುಂಬಿದ್ದರಿಂದ ಈ ತಿಂಗಳು ಆಯಿಲ್ ಮತ್ತೆ ಬದಲಿಸಬೇಕಿದೆ. ಹೊಸ ಡಬ್ಬಿ ತಂದಿಟ್ಟಿದ್ದೇನೆ.